ಮಾತು ಕೇಳಿಸುವ ಹೋಮ್ ಥಿಯೇಟರ್

ನಮಸ್ಕಾರ.

ಕಳೆದ ವರ್ಷ ಕ್ರಿಸ್‌ಮಸ್ ರಜಕ್ಕೆ ಶಿವಮೊಗ್ಗದಿಂದ ಅಕ್ಕ, ಭಾವ, ಅವರ ಇಬ್ಬರು ಮಕ್ಕಳು ನಮ್ಮ ಮನೆಗೆ ಬಂದಿದ್ದರು. ನಮ್ಮದು ಬೆಂಗಳೂರಿನ ಹನುಮಂತನಗರದಲ್ಲಿ 20-30 ಸೈಟಿನ ಮನೆ. ಡಿಸೆಂಬರ್ ಅಂದರೆ ಅವರೆಕಾಯಿ ಕಾಲ. ಸಂಜೆ ಆರಕ್ಕೆಲ್ಲ ಕತ್ತಲು, ಹೊರಗೆ ಚಳಿ. ಎಲ್ಲರೂ ಹಾಲ್‌ನಲ್ಲಿ ಕೂತು, ನಡುವೆ ಪಾತ್ರೆ ಇಟ್ಟುಕೊಂಡು, ನೆನೆಸಿದ ಅವರೆಕಾಳು ಹಿತುಕುತ್ತಾ ಸಿನಿಮಾ ನೋಡುತ್ತಿದ್ದೆವು.

ಅಪ್ಪನಿಗೆ 76 ವರ್ಷ. ಐದು ನಿಮಿಷಕ್ಕೊಮ್ಮೆ "ಏನಂದ ಅವನು?" ಅಂತ ಕೇಳುತ್ತಿದ್ದರು. ಮಕ್ಕಳು ಮೊದಮೊದಲು ಬಿಡಿಸಿ ಹೇಳಿದರು. ಆಮೇಲೆ "ತಾತಾ, ಮುಗೀಲಿ, ಪೂರ್ತಿ ಕಥೆ ಹೇಳ್ತೀವಿ" ಅಂದರು. ಅಪ್ಪ ಕೇಳುವುದನ್ನು ನಿಲ್ಲಿಸಿದರು. ಇನ್ನೂ ಅರ್ಧ ಸಿನಿಮಾ ಇರುವಾಗಲೇ ಎದ್ದು ಒಳಗೆ ಹೋಗಿ ಮಲಗಿದರು. ಒಂದು ಕಾಲದಲ್ಲಿ ಕೆಂಪೇಗೌಡ ರಸ್ತೆಯ ಟಾಕೀಸುಗಳಲ್ಲಿ ಹೊಸ ಸಿನಿಮಾ ಒಂದನ್ನೂ ಬಿಡದೆ ನೋಡಿದವರು ಅವರು. ನನಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಹೋಮ್ ಥಿಯೇಟರ್ ಅಂದ ಕೂಡಲೇ ನಮಗೆ ನೆನಪಾಗುವುದು ದೊಡ್ಡ ಪರದೆ, ಎದೆ ನಡುಗಿಸುವ ಬೇಸ್. ಕಡಿಮೆ ದುಡ್ಡಿನಲ್ಲಿ ಮಾಡುವವರಿಗೆ ನಾನು ಹೇಳುವುದು ಬೇರೆ. ಮೊದಲು ಮಾತಿಗೆ ಖರ್ಚು ಮಾಡಿ. ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಯಾರೋ, ಅವರ ಕಿವಿಗೆ ಹೊಂದುವಂಥದ್ದನ್ನು ಕೊಳ್ಳಿ.

ಈಗ ನೀವು ನನ್ನ ಮಾತು ಕೇಳುತ್ತಿರುವುದು ಬಹುಶಃ ಅಂಗೈಯಷ್ಟು ಸ್ಪೀಕರಿನಲ್ಲಿ. ಆದರೂ ಮಾತು ತಿಳಿಯುತ್ತಿದೆ, ಅಲ್ವಾ? ಯಾಕೆಂದರೆ ರೇಡಿಯೊದ ಬಾಯಿ ನಿಮ್ಮ ಕಡೆಗಿದೆ. ಮಾತಿನ ಹಿಂದೆ ಬೇರೆ ಸದ್ದಿಲ್ಲ. ಇವತ್ತಿನ ಟಿವಿಯಲ್ಲಿ ಎರಡೂ ಉಲ್ಟಾ. ಟಿವಿ ತೆಳ್ಳಗಾದ ಮೇಲೆ ಸ್ಪೀಕರಿಗೆ ಮುಂದೆ ಜಾಗ ಉಳಿಯಲಿಲ್ಲ. ಅದು ಕೆಳಗೋ ಹಿಂದಕ್ಕೋ ಮುಖ ಮಾಡಿ ಕೂತಿರುತ್ತದೆ. ಸದ್ದು ಗೋಡೆಗೆ ಬಡಿದು ನಮ್ಮ ಹತ್ತಿರ ಬರುತ್ತದೆ.

ಅದಕ್ಕೆ ವಯಸ್ಸೂ ಸೇರಿಕೊಳ್ಳುತ್ತದೆ. ವಯಸ್ಸಾದಂತೆ ಕಿವಿಗೆ ಮೊದಲು ಕಡಿಮೆಯಾಗುವುದು ತೀಕ್ಷ್ಣವಾದ ಸದ್ದು. ಸ, ಶ, ಚ, ತ ಇಂಥ ಅಕ್ಷರಗಳ ಗುರುತೇ ಆ ತೀಕ್ಷ್ಣ ಸದ್ದು. ಆ, ಊ, ಓ ಸ್ವರಗಳು ಜೋರಾಗಿಯೇ ಕೇಳಿಸುತ್ತವೆ. ಅದಕ್ಕೇ ಹಿರಿಯರು "ಸದ್ದು ಕೇಳುತ್ತೆ ಕಣೋ, ಮಾತು ಗೊತ್ತಾಗಲ್ಲ" ಅನ್ನುತ್ತಾರೆ. ಅವರು ಹೇಳುವುದು ನೂರಕ್ಕೆ ನೂರು ನಿಜ. ವಾಲ್ಯೂಮ್ ಏರಿಸಿದರೆ ಡಮಡಮ ಸದ್ದೂ ಅದರ ಜೊತೆಗೇ ಏರುತ್ತದೆ, ಮಾತು ಅದರಡಿಯಲ್ಲಿ ಮತ್ತೆ ಮುಚ್ಚಿಹೋಗುತ್ತದೆ. ಕಿವಿ ಡಾಕ್ಟರಿಗೆ ಒಮ್ಮೆ ತೋರಿಸುವುದು ಬೇರೆ, ಅದನ್ನು ತಪ್ಪದೆ ಮಾಡಿ. ನಾವೂ ಮಾಡಿದೆವು.

ಇನ್ನು ಕೊಳ್ಳುವ ವಿಷಯ. ನನ್ನ ಕೈಯಲ್ಲಿ 20,000 ರೂಪಾಯಿ ಇತ್ತು. ಚಿತ್ರಕ್ಕೆ ನಾನು ಒಂದು ಪೈಸೆ ಹಾಕಲಿಲ್ಲ. ಮನೆಯಲ್ಲಿರುವ ಟಿವಿ ಚೆನ್ನಾಗಿದ್ದರೆ ಅದೇ ಸಾಕು. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಟಿವಿಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ ನಿಜ, ಆದರೂ ಅದು ಎರಡನೇ ಖರ್ಚು. ಪ್ರೊಜೆಕ್ಟರ್ ಬೇಕೇ ಬೇಕು ಅನ್ನುವವರು ಅಂಗಡಿಯಲ್ಲಿ ಎರಡು ಪ್ರಶ್ನೆ ಕೇಳಿ. ಅದರ ಸ್ವಂತ ರೆಸೊಲ್ಯೂಷನ್, ಅಂದರೆ ಅದು ತೋರಿಸುವ ಚುಕ್ಕೆಗಳು ಎಷ್ಟು? ಬೆಳಕು, ಅಂದರೆ ಆನ್ಸಿ ಲೂಮೆನ್ಸ್ ಎಷ್ಟು? "1080 ಸಪೋರ್ಟ್" ಅಂತ ಡಬ್ಬದ ಮೇಲೆ ಬರೆದಿದ್ದರೆ ಆ ಸಿಗ್ನಲನ್ನು ಒಳಗೆ ಬಿಟ್ಟುಕೊಳ್ಳುತ್ತದೆ ಅಂತ ಅಷ್ಟೇ ಅರ್ಥ. ತೋರಿಸುವ ಚುಕ್ಕೆಗಳು ಅದಕ್ಕಿಂತ ಎಷ್ಟೋ ಕಡಿಮೆ ಇರಬಹುದು.

ಸ್ಪೀಕರಿಗಾಗಿ ಒಂದು ಶನಿವಾರ ಬೆಳಿಗ್ಗೆ ಎಲೆಕ್ಟ್ರಾನಿಕ್ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಹೋದೆ. ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿದು ನಡೆದುಕೊಂಡೇ ಹೋಗಬಹುದು. ಭಾನುವಾರ ಹೋಗಬೇಡಿ, ಬಹಳಷ್ಟು ಅಂಗಡಿಗಳಿಗೆ ಬಾಗಿಲು. ಡಬ್ಬದ ಮೇಲೆ ಪಿಎಂಪಿಒ, ಅಂದರೆ ಕ್ಷಣಮಾತ್ರದ ಗರಿಷ್ಠ ಶಕ್ತಿ ಅಂತ ಸಾವಿರಗಟ್ಟಲೆ ವ್ಯಾಟ್ ಬರೆದಿರುತ್ತಾರೆ. ಆ ಸಂಖ್ಯೆಗೆ ಬೆಲೆ ಕೊಡಬೇಡಿ. ನೋಡಬೇಕಾದ್ದು ಆರ್‌ಎಂಎಸ್ ವ್ಯಾಟ್, ಅಂದರೆ ಎಡೆಬಿಡದೆ ಸಿಗುವ ಶಕ್ತಿ. ಹತ್ತು ಹನ್ನೆರಡು ಅಡಿಯ ನಮ್ಮಂಥ ಹಾಲ್‌ಗೆ ಒಂದೊಂದು ಸ್ಪೀಕರಿಗೆ ನಿಜವಾದ 30 ವ್ಯಾಟ್ ಸಿಕ್ಕರೆ ಧಾರಾಳ.

ಅಂಗಡಿಯವರು ಡೆಮೊಗೆ ಯಾವಾಗಲೂ ಡ್ರಮ್ಸ್ ಇರುವ ಹಾಡೇ ಹಾಕುತ್ತಾರೆ. ಹಾಡಿನಲ್ಲಿ ಎಲ್ಲ ಸ್ಪೀಕರೂ ಚೆನ್ನಾಗಿಯೇ ಕೇಳಿಸುತ್ತದೆ. ನಾನು ಮೊಬೈಲಿನಲ್ಲಿ ಕನ್ನಡ ವಾರ್ತೆ ಇಟ್ಟುಕೊಂಡು ಹೋಗಿದ್ದೆ. "ಇದನ್ನು ಹಾಕಿ, ಸಣ್ಣ ದನಿಯಲ್ಲಿ" ಅಂದೆ. ಐದು ಜೋಡಿಯಲ್ಲಿ ಮೂರು ಜೋಡಿ ಡಬ್ಬದೊಳಗಿಂದ ಮಾತಾಡಿದ ಹಾಗಿತ್ತು. ಅಪ್ಪನನ್ನೂ ಕರೆದುಕೊಂಡು ಹೋಗಿದ್ದೆ. ಕಣ್ಣು ಮುಚ್ಚಿ ಕೇಳಿ, ನಾಲ್ಕನೆಯದನ್ನು ಅವರೇ ಆರಿಸಿದರು. ಜೋಡಿಗೆ 9,000. ಅದಕ್ಕೊಂದು ಸಣ್ಣ ಆಂಪ್ಲಿಫೈಯರ್, 5,500. ಟಿವಿಯ ಆಪ್ಟಿಕಲ್ ಸಾಕೆಟ್‌ನಿಂದ ಆಂಪ್ಲಿಫೈಯರ್‌ಗೆ ಸದ್ದು ತರುವ ಬೆಂಕಿಪೊಟ್ಟಣದಷ್ಟು ದೊಡ್ಡ ಡ್ಯಾಕ್ ಡಬ್ಬಿ, ವೈರು, ಕೇಬಲ್ ಎಲ್ಲ ಸೇರಿ 1,500. ವೈರ್ ಕೊಳ್ಳುವಾಗ ತುದಿಯ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಕೆಲಸ ಮಾಡುತ್ತದೆ, ಆದರೆ ತಾಮ್ರದ ಬೆಲೆ ಕೊಡಬೇಡಿ.

ಐದು ಸ್ಪೀಕರ್, ಬೇಸ್‌ಗೇ ಅಂತ ಒಂದು ಸಬ್‌ವೂಫರ್ ಇರುವ 5.1 ಸೆಟ್ ಯಾಕೆ ತರಲಿಲ್ಲ ಅಂತ ಅಕ್ಕನ ಮಗ ಕೇಳಿದ. ಅದೇ ದುಡ್ಡನ್ನು ಆರಕ್ಕೆ ಹಂಚಿದರೆ ಆರೂ ಸಾಧಾರಣ. ಎರಡಕ್ಕೇ ಹಾಕಿದರೆ ಎರಡೂ ಒಳ್ಳೆಯವು. ಹಿಂದಿನ ಸ್ಪೀಕರಿಗೆ ನೆಲದ ಮೇಲೆ ವೈರ್ ಎಳೆಯಬೇಕು, ಅಪ್ಪ ರಾತ್ರಿ ಎದ್ದು ಓಡಾಡುವ ಜಾಗ ಅದು. ಇನ್ನು ಸಬ್‌ವೂಫರ್. 50 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 50 ಸಲ ಕಂಪಿಸುವ ಒಂದು ಸದ್ದಿನ ಅಲೆ ಸುಮಾರು 22 ಅಡಿ ಉದ್ದ. ನಮ್ಮ ಸೈಟಿನ ಅಗಲವೇ 20 ಅಡಿ. ಅಷ್ಟುದ್ದದ ಅಲೆಗೆ ನಮ್ಮ ಗೋಡೆ ದೊಡ್ಡ ಅಡ್ಡಿಯೇ ಅಲ್ಲ, ಪಕ್ಕದ ಮನೆಯ ಮಂಚ ನಡುಗುತ್ತದೆ. ಅಲ್ಲಿ ಎಸ್‌ಎಸ್‌ಎಲ್‌ಸಿ ಓದುವ ಹುಡುಗಿ ಇದ್ದಾಳೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಜನವಸತಿ ಜಾಗದಲ್ಲಿ 45 ಡೆಸಿಬೆಲ್ ಮಿತಿ ಅಂತ 2000ದ ಶಬ್ದ ಮಾಲಿನ್ಯ ನಿಯಮವೂ ಇದೆ.

ಮನೆಗೆ ತಂದ ಮೇಲಿನ ಕೆಲಸವೇ ನಿಜವಾದ ಕೆಲಸ. ಇದಕ್ಕೆ ದುಡ್ಡು ಬೇಡ, ಸಮಾಧಾನ ಬೇಕು. ಎರಡು ಸ್ಪೀಕರಿನ ನಡುವೆ ಆರೇಳು ಅಡಿ, ಅಲ್ಲಿಂದ ಕೂರುವ ಜಾಗಕ್ಕೂ ಹೆಚ್ಚುಕಡಿಮೆ ಅಷ್ಟೇ. ಮೂರೂ ಸೇರಿ ಒಂದು ತ್ರಿಕೋನ. ಚಿಕ್ಕ ಸ್ಪೀಕರ್ ಭಾಗ, ಅಂದರೆ ಟ್ವೀಟರ್, ಕೂತವರ ಕಿವಿಯ ಎತ್ತರಕ್ಕೆ ಬರಬೇಕು. ನಾನು ಎರಡು ಹಳೆಯ ಸ್ಟೂಲ್ ಇಟ್ಟೆ. ಮೂಲೆಗೆ ಒತ್ತಿ ಇಡಬೇಡಿ, ಗುಂಯ್ ಅನ್ನುತ್ತದೆ.

ತ್ರಿಕೋನದ ತುದಿಯಲ್ಲಿ ಕೂತವರಿಗೆ ಮಾತು ಟಿವಿಯ ನಟ್ಟನಡುವಿನಿಂದಲೇ ಬಂದಂತೆ ಕೇಳಿಸುತ್ತದೆ, ಅಲ್ಲಿ ಸ್ಪೀಕರೇ ಇಲ್ಲದಿದ್ದರೂ. ಎರಡೂ ಕಡೆಯ ಸದ್ದು ಒಂದೇ ಹೊತ್ತಿಗೆ ಕಿವಿಗೆ ತಲುಪುವುದರಿಂದ ಹೀಗಾಗುತ್ತದೆ. ಪಕ್ಕಕ್ಕೆ ಸರಿದರೆ ಇದು ಕೆಡುತ್ತದೆ. ಅಪ್ಪ ಇಪ್ಪತ್ತು ವರ್ಷದಿಂದ ಕಿಟಕಿ ಪಕ್ಕದ ದಿವಾನದ ಮೇಲೆ ಕೂರುವವರು. ಅವರ ಕುರ್ಚಿಯನ್ನು ನಡುವಿಗೆ ತಂದೆವು. ನಾವು ಸುತ್ತ ಹರಡಿಕೊಂಡೆವು. ನಿಮ್ಮ ಮನೆಯಲ್ಲಿ ಹಾಗೆ ಸರಿಯುವುದು ಆಗುವುದಿಲ್ಲ ಅಂದರೆ ಎರಡು ಸ್ಪೀಕರ್ ಬೇಡ, ಮಾತಿಗೇ ಅಂತ ನಡುವೆ ಬೇರೆ ಸ್ಪೀಕರ್ ಇರುವ ಸೌಂಡ್‌ಬಾರ್, ಅಂದರೆ ಟಿವಿಯ ಕೆಳಗಿಡುವ ಉದ್ದನೆಯ ಸ್ಪೀಕರ್ ಪಟ್ಟಿ, ತನ್ನಿ. 5.1ರಲ್ಲಿ ಬಹುಪಾಲು ಮಾತು ಬರುವುದು ಆ ನಡುವಿನದರಿಂದಲೇ.

ಮೊದಲ ದಿನ ನನ್ನ ಕೈಯಿಂದ ಒಂದು ತಪ್ಪಾಯಿತು. ಒಂದು ಸ್ಪೀಕರಿಗೆ ಕೆಂಪು ಕಪ್ಪು ಕನೆಕ್ಷನ್ ಅದಲುಬದಲು ಮಾಡಿದ್ದೆ. ಸದ್ದು ಬರುತ್ತಿತ್ತು, ಆದರೆ ಮಾತು ಎಲ್ಲಿಂದ ಬರುತ್ತಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಬೇಸ್ ಮಾಯ. ಒಂದು ಸ್ಪೀಕರಿನ ಕೋನ್, ಅಂದರೆ ಸದ್ದು ಮಾಡುವ ಹಾಳೆ, ಮುಂದೆ ಬಂದಾಗ ಇನ್ನೊಂದು ಹಿಂದೆ ಹೋದರೆ ಒಂದರ ಸದ್ದನ್ನು ಇನ್ನೊಂದು ತಿಂದುಹಾಕುತ್ತದೆ. ವೈರಿನ ಒಂದು ಬದಿಗೆ ಗೆರೆ ಇರುತ್ತದೆ. ಗೆರೆಯದು ಎರಡೂ ತುದಿಯಲ್ಲಿ ಕೆಂಪಿಗೇ ಅಂತ ಇಟ್ಟುಕೊಂಡರೆ ತಪ್ಪುವುದಿಲ್ಲ. ಇನ್ನೊಂದು, ಆ ಡ್ಯಾಕ್ ಡಬ್ಬಿಗಳಿಗೆ ಸಾಮಾನ್ಯವಾಗಿ ಪಿಸಿಎಂ, ಅಂದರೆ ಕುಗ್ಗಿಸದ ಡಿಜಿಟಲ್ ಸದ್ದು ಮಾತ್ರ ಅರ್ಥವಾಗುತ್ತದೆ. ಟಿವಿಯ ಸೌಂಡ್ ಸೆಟ್ಟಿಂಗಿನಲ್ಲಿ ಪಿಸಿಎಂ ಆರಿಸದಿದ್ದರೆ ಸದ್ದೇ ಬರದೆ ಹೋಗಬಹುದು. ಪೆಟ್ಟಿಗೆ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಓಡಬೇಡಿ. ಸಿನಿಮಾ ಆ್ಯಪ್‌ನಲ್ಲಿ 5.1, ಸ್ಟೀರಿಯೊ ಎರಡೂ ಇದ್ದರೆ ಸ್ಟೀರಿಯೊ ಆರಿಸಿ ನೋಡಿ, ಎಷ್ಟೋ ಸಲ ಮಾತು ಮೇಲೆ ಬರುತ್ತದೆ.

ಕೊನೆಗೆ ಕೋಣೆ. ನಿಮ್ಮ ಹಾಲ್‌ನ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಟಣ್ ಅಂತ ಬಾಲ ಉಳಿದರೆ ಪ್ರತಿ ಮಾತಿಗೂ ಆ ಬಾಲ ಅಂಟಿಕೊಳ್ಳುತ್ತದೆ ಅಂತ ತಿಳಿಯಿರಿ. ಬೆಂಗಳೂರಿನ ಮನೆಗಳಲ್ಲಿ ನೆಲಕ್ಕೆ ಟೈಲ್ಸ್, ಮೇಲೆ ಆರ್‌ಸಿಸಿ, ಕಿಟಕಿಗೆ ಗಾಜು. ಸದ್ದನ್ನು ಹೀರುವುದು ಒಂದೂ ಇಲ್ಲ. ಇದಕ್ಕೆ 2,500 ರೂಪಾಯಿ ಎತ್ತಿಟ್ಟೆ. ಒಂದು ದಪ್ಪ ಜಮಖಾನ, ಕಿಟಕಿಗೆ ಭಾರದ ಪರದೆ. ಚಳಿಗಾಲ ಹೇಗೂ ಇತ್ತು, ಬಂದವರ ರಜಾಯಿ, ಕಂಬಳಿಗಳನ್ನು ಮಡಚಿ ಹಿಂದಿನ ಗೋಡೆಗೆ ಒಟ್ಟಿದೆ. ಪುಸ್ತಕದ ಕಪಾಟನ್ನು ಪಕ್ಕದ ಗೋಡೆಗೆ ಸರಿಸಿದೆ. ಮತ್ತೆ ಚಪ್ಪಾಳೆ ತಟ್ಟಿದಾಗ ಬಾಲ ಇರಲಿಲ್ಲ. ನಿಜ ಹೇಳಬೇಕೆಂದರೆ ಹೊಸ ಸ್ಪೀಕರ್ ತಂದಷ್ಟೇ ವ್ಯತ್ಯಾಸ ಆ ಜಮಖಾನ ತಂದಿತು.

ಒಟ್ಟು ಖರ್ಚು 18,500. ಉಳಿದ 1,500ರಲ್ಲಿ ಅವರೆಬೇಳೆ ಮೇಳಕ್ಕೆ ಎಲ್ಲರೂ ಹೋಗಿ ಬಂದೆವು.

ಆಂಪ್ಲಿಫೈಯರ್‌ಗೆ ಹಳೆಯ ರೇಡಿಯೊದಲ್ಲಿ ಇರುತ್ತಿತ್ತಲ್ಲ, ಹಾಗೆ ತಿರುಗಿಸುವ ಗುಂಡಿ ಇದೆ. ಅಪ್ಪನಿಗೆ ಅದೇ ಇಷ್ಟವಾಯಿತು. ಅಕ್ಕನ ಮನೆಯವರು ಊರಿಗೆ ಹೊರಡುವ ಹಿಂದಿನ ರಾತ್ರಿ ಮತ್ತೊಂದು ಸಿನಿಮಾ ಹಾಕಿದೆವು. ನಡುವೆ ಅಪ್ಪ ಎದ್ದರು. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವರು ನೇರ ಆಂಪ್ಲಿಫೈಯರ್ ಹತ್ತಿರ ಹೋಗಿ, "ಜಾಸ್ತಿ ಆಯ್ತು, ಪಕ್ಕದ ಮನೆ ಹುಡುಗಿ ಓದ್ತಿರ್ತಾಳೆ" ಅಂತ ಗುಂಡಿಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿ, ಬಂದು ತಮ್ಮ ಕುರ್ಚಿಯಲ್ಲಿ ಕೂತರು.

ನಮಸ್ಕಾರ.