ಪದೇ ಪದೇ ಕೆಲಸ ಬದಲಿಸಿದರೆ ಕಳೆದುಕೊಳ್ಳೋದು ಏನನ್ನ?

[ಸ್ಕ್ರೀನ್ ಮೇಲೆ: ಒಂದು ರೆಸ್ಯೂಮೆ. ಆರು ವರ್ಷ, ನಾಲ್ಕು ಕಂಪನಿ]

ಇಂಥ ರೆಸ್ಯೂಮೆ ಕಂಡರೆ ಹಿರಿಯರು ಹೇಳೋದು ಒಂದೇ ಮಾತು: "ಈಗಿನ ಹುಡುಗರು ಎಲ್ಲೂ ನಿಲ್ಲಲ್ಲ."

ಈಗಿನವರು ಮಾತ್ರನಾ? ಅಮೆರಿಕದ ಸರ್ಕಾರಿ ಅಂಕಿಅಂಶ ನೋಡಿ. 25ರಿಂದ 34 ವಯಸ್ಸಿನವರು ಒಂದೇ ಕಡೆ ಕೆಲಸದಲ್ಲಿದ್ದ ಅವಧಿಯ ಮಧ್ಯಾಂಕ (ಅರ್ಧ ಜನ ಅದಕ್ಕಿಂತ ಹೆಚ್ಚು, ಅರ್ಧ ಜನ ಕಡಿಮೆ) 1983ರಲ್ಲಿ 3 ವರ್ಷ, 2024ರಲ್ಲಿ 2.7 ವರ್ಷ. ನಲವತ್ತು ವರ್ಷ ಕಳೆದರೂ ವ್ಯತ್ಯಾಸ ನಾಲ್ಕು ತಿಂಗಳೂ ಇಲ್ಲ! ಅಲ್ಲಿ 1957ರಿಂದ 1964ರ ನಡುವೆ ಹುಟ್ಟಿದವರು 56 ತುಂಬೋದರೊಳಗೆ ಸರಾಸರಿ 12ಕ್ಕೂ ಹೆಚ್ಚು ಕೆಲಸ ಮಾಡಿದ್ದಾರೆ. ಅದರಲ್ಲಿ ಹತ್ತಿರ ಹತ್ತಿರ ಅರ್ಧ, 25ಕ್ಕೆ ಮುಂಚೆಯೇ. ಹರೆಯದಲ್ಲಿ ಜನ ಯಾವಾಗಲೂ ಹೀಗೇ ಹುಡುಕಾಡಿದ್ದಾರೆ. ಅದಕ್ಕೆ ಅವರನ್ನ ಬೈಯೋದು ಅನ್ಯಾಯ.

ಸಂಬಳಕ್ಕೋಸ್ಕರ ಬದಲಿಸೋದೂ ತಪ್ಪಲ್ಲ. ಆದರೆ ಆ ಲಾಭ ಕಾಲಕ್ಕೆ ತಕ್ಕ ಹಾಗೆ ಬದಲಾಗುತ್ತೆ. 2022ರಲ್ಲಿ ಅಲ್ಲಿ ಕೆಲಸ ಬದಲಿಸಿದವರ ಸಂಬಳ, ಇದ್ದಲ್ಲೇ ಇದ್ದವರಿಗಿಂತ ಬೇಗ ಏರಿತು. 2025ರ ಆರಂಭಕ್ಕೆ ಆ ಅಂತರ ಬಹುತೇಕ ಇಲ್ಲವಾಯ್ತು.

ನನಗೆ ನಿಜವಾಗಿ ಚಿಂತೆ ಇರೋದು ಬೇರೆ ವಿಷಯದ್ದು.

[ಸ್ಕ್ರೀನ್ ಮೇಲೆ: ಕೋಡ್ ಬರೆಯುತ್ತಿರುವ ಕೈಗಳು]

ಒಬ್ಬರು ಹೊಸ ಸಾಫ್ಟ್‌ವೇರ್ ಕಟ್ಟುತ್ತಾರೆ. ಹತ್ತು ತಿಂಗಳಿಗೆ ಲಾಂಚ್, ಎಲ್ಲರೂ ಭೇಷ್ ಅಂತಾರೆ. ಹನ್ನೆರಡನೇ ತಿಂಗಳಿಗೆ ನೋಟಿಸ್ ಪೀರಿಯಡ್ ಮುಗಿಸಿ ಹೊರಡ್ತಾರೆ. ಎರಡನೇ ವರ್ಷ ಬಳಕೆದಾರರು ಹತ್ತು ಪಟ್ಟು ಆದಾಗ ಡೇಟಾಬೇಸ್ ಕುಸಿಯುತ್ತೆ. ಅವಸರದಲ್ಲಿ ತಗೊಂಡ ಯಾವ ನಿರ್ಧಾರದಿಂದ ಹೀಗಾಯ್ತು ಅಂತ ರಾತ್ರಿಯೆಲ್ಲ ಕೂತು ಹುಡುಕೋರು ಬೇರೆ ಯಾರೋ. ಕಟ್ಟಿದವರಿಗೆ ಅದು ಗೊತ್ತೇ ಆಗಲ್ಲ. ಮುಂದಿನ ಕಂಪನಿಯಲ್ಲೂ ಅದೇ ತಪ್ಪು ಮಾಡ್ತಾರೆ. ಐದು ವರ್ಷದ ಅನುಭವ ಅಂತ ಬರೆದಿರುತ್ತೆ, ಆದರೆ ಆಗಿರೋದು ಒಂದೇ ವರ್ಷದ ಅನುಭವ, ಐದು ಸಲ.

ಲೇಆಫ್ ಆದವರು, ಕಾಂಟ್ರಾಕ್ಟ್ ಮುಗಿದವರು ಈ ಮಾತಿಗೆ ಸೇರಲ್ಲ. ಅವರಿಗೆ ಆಯ್ಕೆಯೇ ಇರಲಿಲ್ಲ.

ಮುಂದೇನು? ವಿಶ್ವ ಆರ್ಥಿಕ ವೇದಿಕೆಯ 2025ರ ವರದಿ ಪ್ರಕಾರ, 2030ರೊಳಗೆ ಕೆಲಸಕ್ಕೆ ಬೇಕಾದ ಮುಖ್ಯ ಕೌಶಲಗಳಲ್ಲಿ ಶೇ. 39ರಷ್ಟು ಬದಲಾಗುತ್ತವೆ ಅನ್ನೋದು ಕಂಪನಿಗಳ ಅಂದಾಜು. ಅಂದರೆ ಅದೇ ಕುರ್ಚಿಯಲ್ಲಿ ಕೂತಿದ್ದರೂ ನಿಮ್ಮ ಕೆಲಸ ಬದಲಾಗುತ್ತೆ. ಆಗ ಜೊತೆಗೆ ಬರೋದು, ಮೊದಲಿಂದ ಕೊನೆವರೆಗೂ ನೀವೇ ನಿಭಾಯಿಸಿದ ಕೆಲಸದ ತಿಳಿವಳಿಕೆ.

ಹಾಗಾಗಿ ಮುಂದಿನ ಆಫರ್ ಬಂದಾಗ ಹೈಕ್ ಜೊತೆ ಇದನ್ನೂ ಕೇಳಿ: "ನಾನು ಶುರು ಮಾಡಿದ ಕೆಲಸ, ಲಾಂಚ್ ಆದಮೇಲೂ ನನ್ನ ಹತ್ತಿರವೇ ಇರುತ್ತಾ?" ಅವರು ಉತ್ತರಕ್ಕೆ ತಡಕಾಡಿದರೆ, ಸಹಿ ಹಾಕೋಕೆ ಎರಡು ದಿನ ಟೈಮ್ ಕೇಳಿ.