ಮುಳ್ಳುಪೊದೆಯ ಹಾಳೆ, ಅದರ ಮೂಲೆಯ ಚೀಟಿ

ಎಲ್ಲರಿಗೂ ನಮಸ್ಕಾರ.

ಗ್ರೀಸ್, ಟರ್ಕಿ, ಲೆಬನಾನ್, ಇಸ್ರೇಲ್, ಪ್ಯಾಲೆಸ್ಟೈನ್ ಕಡೆಯ ಕಲ್ಲುಗುಡ್ಡಗಳಲ್ಲಿ ಕಣ್ಣು ಹಾಯುವಷ್ಟು ದೂರ ಹಬ್ಬುವ ಒಂದು ಮುಳ್ಳುಪೊದೆ ಇದೆ: ಸಾರ್ಕೊಪೊಟೆರಿಯಂ ಸ್ಪೈನೋಸಂ. ಗುಲಾಬಿ ಕುಟುಂಬದ್ದು, ಸಾಮಾನ್ಯವಾಗಿ ಮೊಣಕಾಲೆತ್ತರ. ಕೊಂಬೆಗಳ ತುದಿ ಕವಲೊಡೆದು ಮುಳ್ಳಾಗಿಯೇ ಮುಗಿಯುತ್ತದೆ. ಹಿಂದೆ ಅಲ್ಲಿಯವರು ಇದನ್ನು ಕಡಿದು ಸುಣ್ಣದ ಭಟ್ಟಿಗೆ ಉರುವಲು ಮಾಡುತ್ತಿದ್ದರು.

ಇಂಥ ಗಿಡವನ್ನು ಹರ್ಬೇರಿಯಂ (ಒಣಗಿಸಿದ ಗಿಡಗಳ ಸಂಗ್ರಹಾಲಯ) ಹಾಳೆಗೆ ತರುವುದು ಕಷ್ಟದ ಕೆಲಸ. ಮುಳ್ಳು ಕಾಗದವನ್ನು ತೂರುತ್ತದೆ, ಸೆಟೆದ ಕೊಂಬೆ ಗಿಡ ಒತ್ತಿ ಒಣಗಿಸುವ ಪ್ರೆಸ್ಸನ್ನು ಎತ್ತಿ ಹಿಡಿಯುತ್ತದೆ, ಒತ್ತಡ ಸಿಗದ ಎಲೆ ಸುರುಟಿಕೊಳ್ಳುತ್ತದೆ. ಆದರೂ ಶ್ರಮಪಟ್ಟು ಒಣಗಿಸಿ ಇಟ್ಟವರಿಗೆ ನಾವು ಋಣಿಗಳು.

ಮಾರ್ಚ್‌ನಲ್ಲಿ ಕಿತ್ತ ರೆಂಬೆ, ಆಗಸ್ಟ್‌ನಲ್ಲಿ ಕಿತ್ತ ರೆಂಬೆ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಮೊದಲನೆಯದರಲ್ಲಿ ಮಳೆಗಾಲದ ದೊಡ್ಡ ಎಲೆಗಳು, ಹೂತೆನೆಯ ಮೇಲುಭಾಗದಲ್ಲಿ ಹೆಣ್ಣುಹೂಗಳ ಕೆಂಪು ಕುಚ್ಚು. ಎರಡನೆಯದರಲ್ಲಿ ಆ ಎಲೆಗಳೆಲ್ಲ ಉದುರಿ, ಪುಟಾಣಿ ಎಲೆಗಳಷ್ಟೇ ಉಳಿದಿರುತ್ತವೆ. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಬೇಸಿಗೆಯಲ್ಲಿ ನೀರು ಉಳಿಸಿಕೊಳ್ಳಲು ಗಿಡ ಹೀಗೆ ಮೈ ಕುಗ್ಗಿಸುತ್ತದೆ. ಹೊಸಬರಿಗೆ ಇವು ಎರಡು ಜಾತಿಗಳೆಂದೇ ಅನ್ನಿಸಬಹುದು. ಒಂದೇ ಗಿಡದ ಎರಡು ಋತುಗಳೆಂದು ತಿಳಿಸುವುದು ಹಾಳೆಯ ಮೂಲೆಯ ಚೀಟಿಯಲ್ಲಿರುವ ತಾರೀಖು. ಚೀಟಿ ಕಳೆದುಹೋದರೆ ಆ ರೆಂಬೆಯ ಅರ್ಧ ಮಾತು ನಿಂತಂತೆ.

ಆದರೆ ಚೀಟಿಯನ್ನು ಓದುವುದಕ್ಕೂ ಅಭ್ಯಾಸ ಬೇಕು. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನಿಯಸ್ 1753ರಲ್ಲಿ ಇದನ್ನು ಪೊಟೆರಿಯಂ ಸ್ಪೈನೋಸಂ ಎಂದು ಕರೆದ. ಹಳೆಯ ಹಾಳೆಗಳ ಮೇಲೆ ಅದೇ ಹೆಸರಿರುತ್ತದೆ. ಊರಿನ ಹೆಸರುಗಳದ್ದು ಇನ್ನೂ ದೊಡ್ಡ ತೊಡಕು. ಸ್ಮಿರ್ನಾ ಎಂದರೆ ಇಂದಿನ ಇಜ್ಮಿರ್, ಇದು ಸುಲಭ. ಕ್ಯಾಂಡಿಯಾ ಎಂದಷ್ಟೇ ಬರೆದಿದ್ದರೆ? ಕ್ರೀಟ್ ದ್ವೀಪಕ್ಕೂ ಅದೇ ಹೆಸರಿತ್ತು, ಅಲ್ಲಿನ ಹೆರಾಕ್ಲಿಯನ್ ಪಟ್ಟಣಕ್ಕೂ ಅದೇ. ದ್ವೀಪವೆಂದು ಭಾವಿಸಿ ನಕ್ಷೆಯಲ್ಲಿ ಅದರ ನಟ್ಟನಡುವೆ ಚುಕ್ಕೆ ಇಟ್ಟರೆ, ಕರಾವಳಿಯಲ್ಲಿ ಕಿತ್ತ ಗಿಡ ಬೆಟ್ಟ ಹತ್ತಿ ಕೂರುತ್ತದೆ. ಆ ಚುಕ್ಕೆಯನ್ನು ನಂಬಿ ಹವಾಮಾನದ ಲೆಕ್ಕ ಹಾಕಿದರೆ ಲೆಕ್ಕವೇ ತಪ್ಪು. ಖಾತ್ರಿಯಿಲ್ಲದ ಜಾಗವನ್ನು ಖಾತ್ರಿಯಿಲ್ಲವೆಂದೇ ದಾಖಲಿಸುವುದು ಪ್ರಾಮಾಣಿಕ ಕೆಲಸ ಎಂಬುದು ನನ್ನ ದೃಢ ಅಭಿಪ್ರಾಯ.

ದಾಖಲೆಗಳ ಸಂಖ್ಯೆಯನ್ನೂ ಹಾಗೆಯೇ ಒಪ್ಪಿಕೊಳ್ಳಬೇಡಿ. ಇಟಲಿಯಲ್ಲಿ ಈ ಪೊದೆ ವಿರಳ. ವಿರಳವಾದದ್ದನ್ನು ಸಂಗ್ರಾಹಕರು ಹುಡುಕಿಕೊಂಡು ಹೋಗುತ್ತಾರೆ. ಗುಡ್ಡದ ತುಂಬ ಅದೇ ಗಿಡ ಇರುವ ಕಡೆ ಕೀಳದೆ ದಾಟಿ ಮುಂದೆ ನಡೆಯುತ್ತಾರೆ. ಜೊತೆಗೆ, ಒಂದೇ ಪೊದೆಯಿಂದ ಕಿತ್ತ ಹಲವು ರೆಂಬೆಗಳನ್ನು ಬೇರೆ ಬೇರೆ ಹರ್ಬೇರಿಯಂಗಳಿಗೆ ಹಂಚುವ ರೂಢಿಯಿದೆ. ಅವೆಲ್ಲ ಕಂಪ್ಯೂಟರಿಗೆ ಏರಿದಾಗ ಒಂದು ಪೊದೆ ನಾಲ್ಕಾರು ದಾಖಲೆಗಳಾಗಿ ಕಾಣುತ್ತದೆ. ಸಂಗ್ರಾಹಕರ ಹೆಸರು, ಅವರು ಕೊಟ್ಟ ಸಂಖ್ಯೆ, ತಾರೀಖು ಈ ಮೂರನ್ನೂ ತಾಳೆ ನೋಡಿದ ಮೇಲಷ್ಟೇ ಎಣಿಕೆ ಶುರು ಮಾಡಬೇಕು.