ಕಾಲೇಜು ಆರಿಸುವ ಮೊದಲು ಹಾಸ್ಟೆಲ್ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಎಸ್ಸೆಸ್ಸೆಲ್ಸಿ ಮುಗಿಸಿ ಡಿಪ್ಲೊಮಾ ಓದಬೇಕೆಂಬ ಆಸೆಯಿದ್ದು, ಓದಿಸುವ ಅನುಕೂಲ ಮಾತ್ರ ಮನೆಯಲ್ಲಿಲ್ಲದ ಮಕ್ಕಳು ಈಗ ರೇಡಿಯೊ ಕೇಳುತ್ತಿದ್ದರೆ, ದಯವಿಟ್ಟು ಒಂದು ಪೆನ್ನು, ಒಂದು ಹಾಳೆ ಹತ್ತಿರ ಇಟ್ಟುಕೊಂಡು ಕುಳಿತುಕೊಳ್ಳಿ. ತಂದೆ ಇಲ್ಲದವರು, ತಾಯಿ ಇಲ್ಲದವರು, ಇಬ್ಬರೂ ಇದ್ದು ಕೈಯಲ್ಲಿ ಕಾಸಿಲ್ಲದವರು, ಅಜ್ಜಿಯ ಮನೆಯಲ್ಲೋ ಸೋದರಮಾವನ ಮನೆಯಲ್ಲೋ ಬೆಳೆದವರು, ನಿಮಗೆಲ್ಲ ನಾನು ಹೇಳಬೇಕಾದದ್ದು ಒಂದೇ ಮಾತು. ಕಾಲೇಜು ಆರಿಸುವ ಮೊದಲು ಎಲ್ಲಿ ಉಳಿದುಕೊಳ್ಳುತ್ತೀರಿ, ಎಲ್ಲಿ ಊಟ ಮಾಡುತ್ತೀರಿ ಎಂಬುದನ್ನು ಗೊತ್ತುಮಾಡಿಕೊಳ್ಳಿ.

ಸರ್ಕಾರಿ ಪಾಲಿಟೆಕ್ನಿಕ್‌ನ ಸಿವಿಲ್ ವಿಭಾಗದಲ್ಲಿ ಪಾಠ ಹೇಳುತ್ತ, ಜೊತೆಗೆ ವಿದ್ಯಾರ್ಥಿವೇತನದ ಅರ್ಜಿಗಳನ್ನೂ ನೋಡಿಕೊಳ್ಳುತ್ತ ಬಂದ ನಾನು ಈ ಮಾತನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ಜನ ಕೇಳುವ ಮೊದಲ ಪ್ರಶ್ನೆ 'ಫೀಸು ಎಷ್ಟು?' ಎಂಬುದು. ಸರ್ಕಾರಿ ಪಾಲಿಟೆಕ್ನಿಕ್‌ನ ಫೀಸು ಖಾಸಗಿಯವರದಕ್ಕೆ ಹೋಲಿಸಿದರೆ ಬಹಳ ಕಡಿಮೆ. ವರ್ಷಕ್ಕೊಮ್ಮೆ ಬರುವ ಆ ಖರ್ಚನ್ನು ಎಂಥ ಬಡವರೂ ಏನನ್ನಾದರೂ ಮಾರಿ, ಯಾರಲ್ಲಾದರೂ ಕೈಗಡ ತಂದು ಹೊಂದಿಸಿಬಿಡುತ್ತಾರೆ. ಹೊಂದಿಸಲಾಗದ್ದು ತಿಂಗಳು ತಿಂಗಳೂ ಎದುರು ಬಂದು ನಿಲ್ಲುವ ರೂಮಿನ ಬಾಡಿಗೆ, ಮೂರು ಹೊತ್ತಿನ ಊಟ. ನಡುವೆಯೇ ಓದು ಬಿಟ್ಟು ಗಾರೆ ಕೆಲಸಕ್ಕೋ ಗಾರ್ಮೆಂಟ್ಸಿಗೋ ಹೋದ ಮಕ್ಕಳನ್ನು ಕೇಳಿ ನೋಡಿ. ಫೀಸು ಕಟ್ಟಲಾಗದೆ ಬಿಟ್ಟೆವೆನ್ನುವವರು ವಿರಳ, ಇರಲು ಜಾಗವಿಲ್ಲದೆ ಬಿಟ್ಟೆವೆನ್ನುವವರೇ ಹೆಚ್ಚು.

ನನ್ನ ವಿದ್ಯಾರ್ಥಿನಿಯೊಬ್ಬಳ ವಿಷಯ ಹೇಳಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಮಧುಗಿರಿ ತಾಲ್ಲೂಕಿನ ಅಂಚಿನ ಹಳ್ಳಿಯ ಹುಡುಗಿ. ತಾಯಿ ತೀರಿಕೊಂಡಿದ್ದರು, ತಂದೆ ಬೆಂಗಳೂರಿನಲ್ಲಿ ಬೇರೆ ಸಂಸಾರ ಮಾಡಿಕೊಂಡಿದ್ದರು, ಸಾಕಿದ್ದು ಅಜ್ಜಿ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂದಿದ್ದರಿಂದ ತುಮಕೂರಿನಲ್ಲಿ ಸಿವಿಲ್ ಡಿಪ್ಲೊಮಾ ಸೀಟು ಸಿಕ್ಕಿತು; ಅಜ್ಜಿ ಎರಡು ಕುರಿ ಮಾರಿ ಫೀಸು ಕಟ್ಟಿದರು. ಉಳಿದುಕೊಳ್ಳುವುದೆಲ್ಲಿ ಎಂಬ ಪ್ರಶ್ನೆ ಬಂದಾಗ ಊರಿನವರೆಲ್ಲ ಸೇರಿ, 'ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಅಲ್ಲವೇ, ದಿನಾ ಹೋಗಿ ಬರಲಿ ಬಿಡಿ' ಎಂದು ತೀರ್ಮಾನಿಸಿದರು. 2023ರ ಜೂನ್‌ನಲ್ಲಿ ಆರಂಭವಾದ ಆ ಯೋಜನೆಯಿಂದ ಎಷ್ಟೋ ಹೆಣ್ಣುಮಕ್ಕಳಿಗೆ ಅನುಕೂಲವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ ಎಂದ ಮಾತ್ರಕ್ಕೆ ದಾರಿ ಹತ್ತಿರವಾಗುವುದಿಲ್ಲ. ಹಳ್ಳಿಯಿಂದ ಮಧುಗಿರಿಗೆ ಒಂದು ಬಸ್ಸು, ಅಲ್ಲಿಂದ ತುಮಕೂರಿಗೆ ಇನ್ನೊಂದು, ನಿಲ್ದಾಣದಿಂದ ಕಾಲೇಜಿಗೆ ನಡಿಗೆ. ಬೆಳಿಗ್ಗೆ ಕತ್ತಲಿರುವಾಗಲೇ ಹೊರಟು, ರಾತ್ರಿ ಊಟದ ಹೊತ್ತಿಗೆ ಮನೆ ಸೇರುವುದು.

ಸಿವಿಲ್ ಓದುವವರಿಗೆ ಸರ್ವೆ ಪ್ರಾಕ್ಟಿಕಲ್ ಎಂದರೆ ಪ್ರಾಣ. ಬಿಸಿಲೇರುವ ಮುನ್ನ ಮೈದಾನಕ್ಕಿಳಿದು, ಟ್ರೈಪಾಡ್ ನಿಲ್ಲಿಸಿ, ಉಪಕರಣದಲ್ಲಿ ಮಟ್ಟ ತೋರಿಸುವ ಗುಳ್ಳೆ ನಡುವಿಗೆ ಬರುವ ಹಾಗೆ ತಿರುಪುಗಳನ್ನು ಹೊಂದಿಸಿ, ಟೆಲಿಸ್ಕೋಪಿನಲ್ಲಿ ನೋಡಿ ಅಳತೆ ಬರೆದುಕೊಳ್ಳಬೇಕು. ಈ ಹುಡುಗಿ ಬರುವಷ್ಟರಲ್ಲಿ ಗುಂಪಿನ ಉಳಿದವರು ಅದೆಲ್ಲವನ್ನೂ ಮಾಡಿ ಮುಗಿಸಿರುತ್ತಿದ್ದರು. ತಡವಾಗಿ ಬಂದವರ ಕೈಗೆ ಕೊಡುವುದು ಸ್ಟಾಫ್, ಅಂದರೆ ಕೆಂಪು ಕಪ್ಪು ಗುರುತುಗಳಿರುವ ಉದ್ದನೆಯ ಅಳತೆಪಟ್ಟಿ. ಅದನ್ನು ನೆಟ್ಟಗೆ ಹಿಡಿದುಕೊಂಡು ದೂರದಲ್ಲಿ ನಿಲ್ಲುವುದೇ ಅವಳ ಪಾಲಿನ ಕೆಲಸವಾಗಿತ್ತು. ಒಂದು ದಿನ ಗುಂಪನ್ನೆಲ್ಲ ಪಕ್ಕಕ್ಕೆ ನಿಲ್ಲಿಸಿ, 'ನೀನು ಬಾಮ್ಮ, ಇದರಲ್ಲಿ ನೋಡಿ ರೀಡಿಂಗ್ ಹೇಳು' ಎಂದು ಕರೆದೆ. ಬಗ್ಗಿ ನೋಡಿದವಳು ಬಹಳ ಹೊತ್ತಾದ ಮೇಲೆ, 'ಏನೂ ಕಾಣಿಸ್ತಿಲ್ಲ ಮೇಡಂ, ಎಲ್ಲಾ ಮಂಜುಮಂಜು' ಎಂದಳು. ಕಣ್ಣಿಗೆ ತಕ್ಕಂತೆ ಮಸೂರ ತಿರುಗಿಸಿಕೊಳ್ಳಬೇಕೆಂಬುದೇ ಅವಳಿಗೆ ತಿಳಿದಿರಲಿಲ್ಲ, ಏಕೆಂದರೆ ಸೆಮಿಸ್ಟರ್ ಅರ್ಧ ಕಳೆದಿದ್ದರೂ ಅವಳಿಗೆ ಅದರೊಳಗೆ ನೋಡುವ ಸರದಿಯೇ ಬಂದಿರಲಿಲ್ಲ. ಅವಳ ಫೀಲ್ಡ್ ಬುಕ್ ತೆರೆದು ನೋಡಿದರೆ ಗೆಳತಿಯರದನ್ನು ನೋಡಿ ಮುತ್ತಿನಂಥ ಅಕ್ಷರದಲ್ಲಿ ನಕಲು ಮಾಡಿಕೊಂಡ ಅಂಕಿಗಳು. ಹಾಜರಾತಿಯೂ ಶೇಕಡಾ 75ರ ಕೆಳಗೆ ಇಳಿಯುವುದರಲ್ಲಿತ್ತು. ಇಳಿದರೆ ಪರೀಕ್ಷೆಗೆ ಕೂರಿಸುವುದಿಲ್ಲ.

'ಹಾಸ್ಟೆಲಿಗೆ ಯಾಕಮ್ಮ ಅರ್ಜಿ ಹಾಕಲಿಲ್ಲ?' ಎಂದು ಕೇಳಿದರೆ, 'ಅದು ನಮ್ಮಂಥವರಿಗೂ ಕೊಡ್ತಾರಾ ಮೇಡಂ?' ಎಂದು ಮರುಪ್ರಶ್ನೆ ಹಾಕಿದಳು. ನನಗೆ ಆಗ ಬಂದ ಸಿಟ್ಟು ಅವಳ ಮೇಲಿನದಾಗಿರಲಿಲ್ಲ. ಹತ್ತು ವರ್ಷ ಶಾಲೆಯಲ್ಲಿ ಕೂರಿಸಿಕೊಂಡು ಪಾಠ ಹೇಳಿದ ನಾವೆಲ್ಲ ಮೇಷ್ಟ್ರುಗಳು, ಮೇಡಂಗಳು ಇಷ್ಟನ್ನೂ ಒಂದು ಮಗುವಿಗೆ ಹೇಳದೆ ಕಳಿಸಿಕೊಡುತ್ತೇವಲ್ಲ ಎಂಬ ಸಿಟ್ಟು. ಅವಳು ಹಿಂದುಳಿದ ವರ್ಗಕ್ಕೆ ಸೇರಿದವಳು. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಬಾಲಕಿಯರ ವಿದ್ಯಾರ್ಥಿನಿಲಯ ಅದೇ ಊರಿನಲ್ಲಿತ್ತು. ಊಟ, ವಸತಿ ಎರಡೂ ಉಚಿತ. ಅರ್ಜಿಯ ದಿನಾಂಕವಂತೂ ಮುಗಿದುಹೋಗಿತ್ತು. ಆದರೂ ಬಿಡದೆ ಇಲಾಖೆಯ ಕಚೇರಿಗೆ ಹೋಗಿ ವಿಚಾರಿಸಲು ಹೇಳಿದೆ, ಏಕೆಂದರೆ ವರ್ಷದ ನಡುವೆ ಮಕ್ಕಳು ಬೇರೆ ಕೋರ್ಸಿಗೆ ಹೋಗುವುದರಿಂದ ಸೀಟುಗಳು ತೆರವಾಗುತ್ತಲೇ ಇರುತ್ತವೆ. ಕೈಬರಹದ ಮನವಿ ಕೊಟ್ಟು, ವಾರ ವಾರವೂ ಹೋಗಿ ಕೇಳಿ, ದಸರಾ ರಜೆ ಮುಗಿದ ಮೇಲೆ ಅವಳಿಗೆ ಒಂದು ಸೀಟು ಸಿಕ್ಕಿತು. ಅಲ್ಲಿಂದಾಚೆಗೆ ಬೆಳಗಿನ ಮೈದಾನಕ್ಕೆ ಎಲ್ಲರಿಗಿಂತ ಮೊದಲು ಬಂದು ಟ್ರೈಪಾಡ್ ಬಿಚ್ಚುತ್ತಿದ್ದವಳು ಅವಳೇ. ಈಗ ಕೊನೆಯ ವರ್ಷದಲ್ಲಿದ್ದಾಳೆ, ಡಿಸಿಇಟಿ ಪರೀಕ್ಷೆ ಬರೆದು ಬಿ.ಇ. ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ತಯಾರಿಯಲ್ಲಿದ್ದಾಳೆ. ಅವಳ ಬುದ್ಧಿ ಮೊದಲಿನಿಂದಲೂ ಅಷ್ಟೇ ಇತ್ತು. ಮಲಗುವ ಜಾಗ ಬದಲಾಯಿತು, ಅಷ್ಟೇ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ತಂದೆಯನ್ನು ಎಳೆಯ ವಯಸ್ಸಿನಲ್ಲೇ ಕಳೆದುಕೊಂಡ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಓದಲು ಸಾಧ್ಯವಾದದ್ದು ಸೋದರಮಾವನ ಆಸರೆಯಿಂದ ಮತ್ತು ಮನೆಪಾಠ ಹೇಳಿ ತಾವೇ ಗಳಿಸಿದ ಹಣದಿಂದ. ಒಂದು ಕಾಲದಲ್ಲಿ ವಾರಾನ್ನ ಮಾಡಿಕೊಂಡು, ದಿನಕ್ಕೊಂದು ಮನೆಯಲ್ಲಿ ಉಂಡು ಓದಿದವರು ಎಷ್ಟು ಮಂದಿ! ಸುತ್ತೂರಿನ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1954ರಲ್ಲಿ ಜೆಎಸ್ಎಸ್ ಮಹಾವಿದ್ಯಾಪೀಠವನ್ನು ಸ್ಥಾಪಿಸಿದರು. ಆದರೆ ಅದಕ್ಕೂ ಎಷ್ಟೋ ವರ್ಷ ಮೊದಲೇ ಮೈಸೂರಿನಲ್ಲಿ ಬಡ ಮಕ್ಕಳಿಗೆಂದು ಉಚಿತ ವಿದ್ಯಾರ್ಥಿನಿಲಯ ತೆರೆದಿದ್ದರು. ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಸಾವಿರಾರು ಮಕ್ಕಳಿಗೆ ಮೊದಲು ಕೊಟ್ಟದ್ದು ಊಟ ಮತ್ತು ನೆಲೆ.

ಈಗ ಬರೆದುಕೊಳ್ಳಿ. ಫಲಿತಾಂಶ ಬರುವ ಮೊದಲೇ ನಾಡಕಚೇರಿಗೆ ಹೋಗಿ ಜಾತಿ ಮತ್ತು ಆದಾಯ ಪ್ರಮಾಣಪತ್ರ ಮಾಡಿಸಿ. ಅದರ ಮೇಲಿರುವ ಆರ್.ಡಿ. ಸಂಖ್ಯೆಯನ್ನೇ ಎಲ್ಲ ಅರ್ಜಿಗಳೂ ಕೇಳುತ್ತವೆ. ತಂದೆ ಅಥವಾ ತಾಯಿ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರವನ್ನೂ ಜೊತೆಗಿಟ್ಟುಕೊಳ್ಳಿ. ಡಿಪ್ಲೊಮಾ ಸೀಟಿಗೆ ಆನ್‌ಲೈನಿನಲ್ಲಿ ಕಾಲೇಜುಗಳ ಆಯ್ಕೆ ತುಂಬುವ ಮುನ್ನ, ಯಾವ ಊರಿನಲ್ಲಿ ನಿಮಗೆ ಅರ್ಹತೆಯಿರುವ ಹಾಸ್ಟೆಲ್ ಇದೆ, ಅದು ಕಾಲೇಜಿನಿಂದ ಎಷ್ಟು ದೂರ ಎಂದು ವಿಚಾರಿಸಿ, ಆ ಊರಿನ ಪಾಲಿಟೆಕ್ನಿಕ್ಕನ್ನೇ ಮೇಲೆ ಬರೆಯಿರಿ. ಹೆಸರಾಂತ ಕಾಲೇಜು ಬೇಕೆಂಬ ಹಟ ನಿಮ್ಮಂಥವರಿಗೆ ಬೇಡ. ಸಮಾಜ ಕಲ್ಯಾಣ, ಪರಿಶಿಷ್ಟ ವರ್ಗಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ, ಈ ನಾಲ್ಕೂ ಇಲಾಖೆಗಳಿಗೆ ಹಾಸ್ಟೆಲುಗಳಿವೆ, ಅರ್ಜಿ ಸಲ್ಲಿಸುವುದು ರಾಜ್ಯ ಹಾಸ್ಟೆಲ್ ಪೋರ್ಟಲ್‌ನಲ್ಲಿ. ಈ ಯಾವುದಕ್ಕೂ ಸೇರದವರು ಮಠಗಳ ಮತ್ತು ಸಮುದಾಯ ಸಂಘಗಳ ವಿದ್ಯಾರ್ಥಿನಿಲಯಗಳನ್ನು ಖುದ್ದಾಗಿ ಹೋಗಿ ಕೇಳಿ.

ಸಮಯ ಕಡಿಮೆಯಿರುವುದರಿಂದ ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಯೋಜನೆ ಇದೆ. ಆರಂಭವಾದಾಗ ತಿಂಗಳಿಗೆ 1500 ರೂಪಾಯಿಯಂತೆ ಹತ್ತು ತಿಂಗಳು ಊಟ ಮತ್ತು ವಸತಿಗೆಂದು ಕೊಡುತ್ತಿದ್ದರು. ನಾಲ್ಕು ಜನ ಸೇರಿ ಒಂದು ರೂಮು ಮಾಡಿ ಅಡಿಗೆ ಮಾಡಿಕೊಂಡರೆ ಅದರಿಂದ ಬಹುಮಟ್ಟಿಗೆ ಸಾಗುತ್ತದೆ. ವಿದ್ಯಾರ್ಥಿವೇತನದ ಅರ್ಜಿ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್ಎಸ್‌ಪಿ ಪೋರ್ಟಲ್‌ನಲ್ಲಿ. ಹಣ ಬರುವುದು ನಿಮ್ಮ ಆಧಾರ್ ಜೋಡಣೆಯಾಗಿರುವ ಖಾತೆಗೆ. ಚಿಕ್ಕಂದಿನಲ್ಲಿ ಶಾಲೆಯವರು ತೆರೆಸಿದ್ದ ಹಳೆಯ ಖಾತೆಗೆ ಜೋಡಣೆಯಾಗಿದ್ದರೆ, ಹೊಸ ಪಾಸ್‌ಬುಕ್ ಹಿಡಿದು ವರ್ಷವಿಡೀ ಕಾದರೂ ಅದರಲ್ಲಿ ಏನೂ ಕಾಣಿಸುವುದಿಲ್ಲ. ಬ್ಯಾಂಕಿಗೆ ಹೋಗಿ, 'ಎನ್‌ಪಿಸಿಐ ಜೋಡಣೆ ಆಗಿದೆಯೇ?' ಎಂದು ಇದೇ ಮಾತಿನಲ್ಲಿ ಕೇಳಿ; ಆಧಾರ್ ಮೂಲಕ ಬರುವ ಹಣ ಯಾವ ಖಾತೆಗೆ ಹೋಗಬೇಕೆಂದು ಗೊತ್ತುಮಾಡುವುದು ಆ ಜೋಡಣೆಯೇ. ತಾಂತ್ರಿಕ ಶಿಕ್ಷಣಕ್ಕೆ ಸೇರುವ ಹೆಣ್ಣುಮಕ್ಕಳಿಗೆ ತಾಂತ್ರಿಕ ಶಿಕ್ಷಣದ ಕೇಂದ್ರ ಸಂಸ್ಥೆಯಾದ ಎಐಸಿಟಿಇಯ ಪ್ರಗತಿ, ತಂದೆತಾಯಿ ಇಬ್ಬರೂ ಇಲ್ಲದವರಿಗೆ ಅದೇ ಸಂಸ್ಥೆಯ ಸ್ವನಾಥ್ ವಿದ್ಯಾರ್ಥಿವೇತನ, ಎರಡೂ ವರ್ಷಕ್ಕೆ 50,000 ರೂಪಾಯಿ. ಸರ್ಕಾರಿ ಶಾಲೆಯಲ್ಲಿ ಹತ್ತು ಮತ್ತು ಹನ್ನೆರಡನೆಯ ತರಗತಿ ಓದಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ ವರ್ಷಕ್ಕೆ 30,000. ರೈತರ ಮಕ್ಕಳಿಗೆ ರೈತ ವಿದ್ಯಾನಿಧಿ. ಬಾಲಮಂದಿರಗಳಲ್ಲಿ ಬೆಳೆದು 18 ತುಂಬಿದವರು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅನುಪಾಲನೆಯ, ಅಂದರೆ ಬಾಲಮಂದಿರ ಬಿಟ್ಟ ಮೇಲಿನ, ನೆರವು ಕೇಳಬೇಕು, 21 ವರ್ಷದವರೆಗೆ ಅದಕ್ಕೆ ಅವಕಾಶವಿದೆ. ಬ್ಯಾಂಕ್ ಸಾಲವನ್ನು ಕೊನೆಗೆ ಇಟ್ಟುಕೊಳ್ಳಿ. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡಮಾನ ಬೇಕಿಲ್ಲವೆಂಬುದು ನಿಜ, ಆದರೆ ಪೋಷಕರ ಸಹಿ ಬೇಕು. ಆ ಸಹಿಗಾಗಿಯೇ ನಿಮ್ಮಂಥವರು ಅಲೆಯಬೇಕಾಗುತ್ತದೆ. ಮೂರು ವರ್ಷದ ಡಿಪ್ಲೊಮಾಕ್ಕೆ ಹಾಸ್ಟೆಲ್ ಇದ್ದರೆ ಸಾಲದ ಮಾತೇ ಏಳುವುದಿಲ್ಲ.

ಪ್ರೌಢಶಾಲೆಯ ಶಿಕ್ಷಕ ಶಿಕ್ಷಕಿಯರಲ್ಲಿ ನನ್ನದೊಂದು ವಿನಂತಿ. ನೀವು ವರ್ಗಾವಣೆ ಪತ್ರಕ್ಕೆ ಸಹಿ ಹಾಕುವ ದಿನ ಮಗುವನ್ನು ಎದುರಿಗೆ ಕೂರಿಸಿಕೊಂಡು, 'ಎಲ್ಲಿ ಉಳಿದುಕೊಳ್ಳುತ್ತೀಯಪ್ಪ, ಎಲ್ಲಿ ಉಳಿದುಕೊಳ್ಳುತ್ತೀಯಮ್ಮ?' ಎಂದು ಕೇಳಿ. ಉತ್ತರ ಬರದಿದ್ದರೆ ಅಂದೇ, ನಿಮ್ಮ ಶಾಲೆಯ ಕಂಪ್ಯೂಟರಿನಲ್ಲೇ, ಹಾಸ್ಟೆಲ್ ಪೋರ್ಟಲ್ ತೆರೆದು ತೋರಿಸಿ. ನಮಸ್ಕಾರ.